ಒಳಗಡೆ ಇಟ್ಟ ನಟ್ಟು

೫ ನವೆಂಬರ್ ೨೦೨೪, ಮಂಗಳವಾರ

ಗೋಕುಲ ರಸ್ತೆಯ ಗ್ಯಾರೇಜಿನ ಕೆಲಸ ಮುಗಿಸಿ ಮನೆಗೆ ಹೋಗುವ ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕುಣಿಯುತ್ತಿವೆ. ಕುಣಿಯಲಿ, ಓದುವವಳು ನಾನೊಬ್ಬಳೇ. ಮನೆಗೆ ಹೋದರೆ ಅವ್ವ ನನ್ನ ಮುಖ ನೋಡಿಯೇ ಏನಾಯಿತು ಎಂದು ಕೇಳುತ್ತಾಳೆ. ಅದಕ್ಕೂ ಮೊದಲೇ ಇಲ್ಲಿ ಇಳಿಸಿಬಿಡಬೇಕು.

ಇವತ್ತು ಒಂದು ತಪ್ಪು ಮಾಡಿದೆ. ದೊಡ್ಡದೇನಲ್ಲ.

ಧಾರವಾಡದ ಬಸವಕಿರಣ ಎಂಬವರು ಕೆಂಪು ಪೆಟ್ರೋಲ್ ಕಾರು ತಂದಿದ್ದರು. ಹದಿನಾರು ವರ್ಷ ಹಳೆಯದು. ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ ಕಂಪನಿಯ ಪ್ಲಾಸ್ಟಿಕ್ ಡಬ್ಬಿ ತೆಗೆಸಿ, ಹೊರಗಿನ ಅಂಗಡಿಯ ಕಪ್ಪು ಅಲ್ಯುಮಿನಿಯಂ ಕೊಳವೆ ಹಾಕಿಸಿದ್ದಾರೆ. ಅದರ ತುದಿಗೆ ಬೋಳು ಫಿಲ್ಟರ್. ಈಗ ಆ ಗಾಳಿ ಎಷ್ಟು ಬಿಸಿ ಎಂದು ತೋರಿಸುವ ಮೀಟರ್ ಬೇಕಂತೆ. ಅದರ ಸೆನ್ಸರ್ ಕೂರಿಸಲು ಕೊಳವೆಗೆ ಒಂದು ರಂಧ್ರ ಕೊರೆಯಬೇಕು. ಗ್ಯಾರೇಜಿನ ಮಾಲೀಕರು ಖಾದರಬಾಷಾ ಸಾಮಾನು ತರಲು ಹೊರಟಿದ್ದರು. "ಕರುಣಾ, ನೀನ ಮಾಡವಾ ಇದನ್ನ" ಎಂದು ಹೇಳಿ ಹೋದರು.

ಕೊಳವೆ ಬಿಚ್ಚಿ, ಗುರುತು ಹಾಕಿ, ಕೊರೆದೆ. ಸೆನ್ಸರ್ ಕೂರಿಸಿ ಬಾನೆಟ್ ಇಳಿಸಿದರೆ ಅದರ ಬಾಲ ಬಾನೆಟ್ಟಿಗೆ ತಾಗುತ್ತಿದೆ. ಜಾಗ ತಪ್ಪಿತ್ತು. ನಾಲ್ಕು ಬೆರಳು ಆಚೆಗೆ ಎರಡನೆಯ ರಂಧ್ರ ಕೊರೆದೆ, ಅದು ಸರಿಯಾಯಿತು. ಆದರೆ ಮೊದಲನೆಯದು ಬಾಯಿ ತೆರೆದುಕೊಂಡು ಹಾಗೇ ಇತ್ತು. ಕಿರುಬೆರಳು ಹೋಗುವಷ್ಟು.

ಆಗಲೇ ಹೇಳಿ, ಕೊಳವೆಯನ್ನು ಬೆಸುಗೆಗೆ ಕಳಿಸಿದ್ದರೆ ಒಂದು ದಿನದ ಕೆಲಸವಾಗುತ್ತಿತ್ತು. ಆದರೆ ಬಸವಕಿರಣ ಗೇಟಿನ ಹತ್ತಿರ ನಿಂತು ಗಳಿಗೆಗೊಮ್ಮೆ ಮೊಬೈಲಿನಲ್ಲಿ ಹೊತ್ತು ನೋಡುತ್ತಿದ್ದರು. ಬೋಲ್ಟ್, ಎರಡು ವಾಶರ್, ನಟ್ಟು ಹಾಕಿ ರಂಧ್ರ ಮುಚ್ಚಿದೆ. ಬೋಲ್ಟಿನ ತಲೆ ಹೊರಗೆ, ನಟ್ಟು ಒಳಗೆ. ತಲೆಯ ಮೇಲೆ ಕಪ್ಪು ಬಣ್ಣ ಹಚ್ಚಿದೆ. ಮೊದಲಿಂದಲೂ ಅಲ್ಲೇ ಇದ್ದದ್ದು ಅನ್ನುವ ಹಾಗೆ ಕಂಡಿತು.

"ಮಸ್ತ್ ಆಗೇತ್ರಿ ಮೇಡಂ" ಅಂದರು. ನಾನು ನಕ್ಕೆ.

ಖಾದರಬಾಷಾ ಮರಳಿ ಬಂದು "ಆತೇನವಾ?" ಅಂದರು. "ಆತ್ರಿ" ಅಂದೆ. ಅಷ್ಟೇ ನಡೆದದ್ದು. ಯಾರಿಗೂ ಗೊತ್ತಾಗುವುದಿಲ್ಲ.

೬ ನವೆಂಬರ್, ಬುಧವಾರ

ಊಟದ ಹೊತ್ತು. ಡಬ್ಬಿ ತೆರೆದಿಲ್ಲ.

ಬೆಳಿಗ್ಗೆ ಕೆಲಸದ ಟ್ರೇ ಒರೆಸುವಾಗ ಅದರಲ್ಲಿ ಒಂದು ಹೊಸ ಲಾಕ್ ನಟ್ಟು ಸಿಕ್ಕಿತು. ಒಳಗೆ ನೈಲಾನ್ ಬಳೆ ಇರುತ್ತದಲ್ಲ, ಎಷ್ಟು ನಡುಗಿದರೂ ಬಿಚ್ಚಿಕೊಳ್ಳದ ನಟ್ಟು. ನಿನ್ನೆ ಆ ರಂಧ್ರಕ್ಕೆಂದೇ ಪೊಟ್ಟಣ ಒಡೆದು ತೆಗೆದಿಟ್ಟದ್ದು. ಅದು ಟ್ರೇಯಲ್ಲಿದೆ ಎಂದರೆ ಕೊಳವೆಯೊಳಗೆ ಇರುವುದು ಯಾವುದು?

ಹಳೆಯ ನಟ್ಟುಗಳ ಡಬ್ಬಿಯಿಂದ ಬಂದ ಸಾದಾ ನಟ್ಟು. ನನ್ನ ಕೈ ಅದನ್ನು ಯಾವಾಗ ಎತ್ತಿಕೊಂಡಿತೋ ನೆನಪಿಲ್ಲ. ನೆನಪಿರುವುದು ಗೇಟಿನ ಹತ್ತಿರ ನಿಂತವರ ಬೂಟು ಮಾತ್ರ.

ಹೆದರಬೇಡ ಎಂದು ನನಗೆ ನಾನೇ ಹೇಳಿಕೊಂಡು, ಏನೇನಾಗಬಹುದು ಎಂದು ಬರೆದು ನೋಡುತ್ತೇನೆ. ಎಂಜಿನ್ ನಡುಗುತ್ತದೆ. ಸಾದಾ ನಟ್ಟು ದಿನಕ್ಕಿಷ್ಟು ಸಡಿಲಾಗುತ್ತದೆ. ಒಂದು ದಿನ ಕಳಚಿ ಬೀಳುತ್ತದೆ. ಒಳಗೇ ಬೀಳುತ್ತದೆ, ಒಳಗಡೆ ಇಟ್ಟವಳು ನಾನೇ. ಗಾಳಿ ಅದನ್ನು ಎಳೆದುಕೊಂಡು ಹೋಗುತ್ತದೆ. ಕೊಳವೆಯ ಕೊನೆಯಲ್ಲಿ ದೊಡ್ಡ ನಾಣ್ಯದಂಥ ಒಂದು ಕದ. ಕಾಲು ಒತ್ತಿದರೆ ತೆರೆಯುತ್ತದೆ, ಎತ್ತಿದರೆ ಮುಚ್ಚುತ್ತದೆ. ನಟ್ಟು ಅಲ್ಲಿ ಸಿಕ್ಕಿಕೊಂಡರೆ ಕದ ಮುಚ್ಚುವುದಿಲ್ಲ. ಓಡಿಸುವವರು ಕಾಲು ಎತ್ತಿದರೂ ಗಾಡಿ ಓಡುತ್ತಲೇ ಇರುತ್ತದೆ.

ಬರೆದರೆ ಕಡಿಮೆಯಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ಖಾದರಬಾಷಾ ಎದುರಿಗೇ ಕುಳಿತು ರೊಟ್ಟಿ ಮುರಿಯುತ್ತಿದ್ದಾರೆ. ಎದ್ದು ಹೋಗಿ ಹೇಳಲು ಹತ್ತು ಹೆಜ್ಜೆ ಸಾಕು. ಆದರೆ ಹಿಂದಿನ ಶೋರೂಮಿನಲ್ಲಿ ಏನಾಯಿತು? ಯಾರೋ ಸಡಿಲ ಬಿಟ್ಟ ಆಯಿಲ್ ಬೋಲ್ಟ್ ನನ್ನ ತಲೆಗೆ ಬಂತು. "ಹೆಣ್ಮಕ್ಕಳ ಕೈಯಾಗ ನಟ್ಟ ಬಿಗಿಯೂ ತಾಕತ್ತ ಇರೂದಿಲ್ರಿ" ಎಂದು ಮ್ಯಾನೇಜರ್ ಗಿರಾಕಿಯ ಮುಂದೆಯೇ ಅಂದ. ಎಂಟು ತಿಂಗಳು ಮನೆಯಲ್ಲಿ ಕುಳಿತೆ. ಆ ಮಾತು ಸುಳ್ಳು ಎಂದು ತೋರಿಸಲು ಇಲ್ಲಿಗೆ ಬಂದು ಎರಡು ವರ್ಷ ದುಡಿದಿದ್ದೇನೆ. ಈಗ ಎದ್ದು ಹೋಗಿ, ನಟ್ಟು ಸಡಿಲಾಗಬಹುದು ಎಂದು ನಾನೇ ಹೇಳಬೇಕೇ?

ಬಿಗಿಯಾಗಿಯೇ ತಿರುವಿದ್ದೆ. ಬಿಗಿಯಾಗಿದ್ದರೆ ತಿಂಗಳುಗಟ್ಟಲೆ ಏನೂ ಆಗದು. ಎಷ್ಟೋ ಗಾಡಿಗಳಲ್ಲಿ ಸಾದಾ ನಟ್ಟು ಇರುತ್ತವೆ.

೭ ನವೆಂಬರ್, ಗುರುವಾರ

ಬಸವಕಿರಣರಿಗೆ ಫೋನ್ ಮಾಡಿ, ಮೀಟರ್ ಸರಿಯಿದೆಯೇ, ಒಮ್ಮೆ ಗಾಡಿ ತಂದರೆ ನೋಡಿಕೊಡುತ್ತೇನೆ ಎಂದೆ.

"ಅಯ್ಯೋ, ಗಾಡಿ ನನ್ನ ಕಡೆ ಎಲ್ಲೈತ್ರಿ? ಅದು ನಮ್ಮ ಅಕ್ಕಂದು. ನಾ ಶೋಕಿಗೆ ಅದನ್ನ ಮಾಡಸ್ತೇನಿ, ಅಕ್ಕ ಹೊಡೀತಾಳ. ದಿನಾ ಶಿರಗುಪ್ಪಿ ಸಾಲಿಗೆ ಹೋಗ್ತಾಳಲ್ರಿ, ಟೀಚರ್."

"ಧಾರವಾಡದಿಂದ ಶಿರಗುಪ್ಪಿಗೆ ಯಾವ ದಾರಿರಿ?"

"ಬೈಪಾಸ್ ಮ್ಯಾಲೆ. ಮತ್ತಿಬ್ರು ಟೀಚರ್ ಇರ್ತಾರ ಜೋಡಿಗೆ."

ಬೈಪಾಸ್. ಆ ಕಡೆ ಒಂದು ಸಾಲು, ಈ ಕಡೆ ಒಂದು ಸಾಲು, ನಡುವೆ ಬಿಳಿ ಗೆರೆ ಬಿಟ್ಟರೆ ಏನೂ ಇಲ್ಲ. ಅಗಲ ಮಾಡುವ ಕೆಲಸ ಬೇರೆ ನಡೆದಿದೆ. ಎದುರಿಗೆ ಲಾರಿ, ಹಿಂದೆ ಲಾರಿ.

ಫೋನ್ ಇಟ್ಟ ಮೇಲೆ ಕೈ ತೊಳೆದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತೊಳೆದೆ.

೯ ನವೆಂಬರ್, ಶನಿವಾರ

ಇದನ್ನು ಧಾರವಾಡದ ಬಸ್ ನಿಲ್ದಾಣದಲ್ಲಿ ಬರೆಯುತ್ತಿದ್ದೇನೆ. ಮೂರು ಬಸ್ಸು ಬಂದು ಹೋದವು, ಹತ್ತಲು ಕಾಲು ಏಳಲಿಲ್ಲ.

ಅರ್ಧ ದಿನ ರಜೆ ಹಾಕಿ ಮಾಳಮಡ್ಡಿಗೆ ಹೋಗಿದ್ದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ, ಬಾಗಿಲಲ್ಲೇ ಕೆಂಪು ಗಾಡಿ ಇತ್ತು. ಗಾಡಿಯ ಒಡತಿ ಸೌಂದರ್ಯಾ ಟೀಚರ್ ಆಗಷ್ಟೇ ಶಾಲೆಯಿಂದ ಬಂದಿದ್ದರು. ನಲವತ್ತರ ಹತ್ತಿರದ ವಯಸ್ಸು, ತೋಳಿಗೆ ಸೀಮೆಸುಣ್ಣದ ಪುಡಿ.

"ಗ್ಯಾರೇಜಿನವರಾ? ಅಷ್ಟು ದೂರಿಂದ ಬಂದ್ರಿ? ಬರ್ರಿ, ಮದ್ಲ ಒಳಗ ಬರ್ರಿ" ಎಂದು ಕೂರಿಸಿ ಚಹಾ ಕೊಟ್ಟರು. ಅವರ ಅತ್ತೆ ಬಾಳವ್ವ ಮೂಲೆಯಲ್ಲಿ ಕುಳಿತು ನನ್ನ ಊರು, ತಂದೆಯ ಹೆಸರು, ಅಡ್ಡಹೆಸರು ಎಲ್ಲ ಕೇಳಿದರು. ಅಡ್ಡಹೆಸರು ಹೇಳಿದ ಮೇಲೆ ಚಹಾದ ಕಪ್ಪಿನ ಕಡೆ ಒಮ್ಮೆ ನೋಡಿದರು. ಟೀಚರ್ ಅದನ್ನು ಕಂಡೂ ಕಾಣದವರಂತೆ ನನ್ನ ಕಪ್ಪಿಗೆ ಇನ್ನಷ್ಟು ಬಗ್ಗಿಸಿದರು.

"ಹೋದ ವರ್ಷ ಕಲ್ತೇನ್ರಿ ಗಾಡಿ. ಮನಿಯವರು ದೂರ ನೌಕರಿ. ಬಸ್ಸಿನ ದಾರಿ ಕಾಯೂದು ಸಾಕಾಗಿತ್ತು" ಅಂದರು.

"ಬ್ಯಾಡ ಬ್ಯಾಡ ಅಂದ್ರೂ ಕಲ್ತಳು" ಎಂದರು ಬಾಳವ್ವ.

"ಹೆದರಿಕೋತನ ಹೊಡೀತೇನಿ. ಬೈಪಾಸ್ ದಾಟೂತನಾ ಉಸರ ಬಿಡೂದಿಲ್ಲ" ಎಂದು ಟೀಚರ್ ನಕ್ಕರು.

ಬಾನೆಟ್ ತೆಗೆಸಿದೆ. ಮೀಟರಿನ ವೈರು ನೋಡುವ ಹಾಗೆ ಬಗ್ಗಿ ಆ ಬೋಲ್ಟಿನ ತಲೆಯ ಮೇಲೆ ಬೆರಳಿಟ್ಟೆ.

ಅದು ತಿರುಗಿತು.

ಸ್ಪ್ಯಾನರ್ ಇಲ್ಲದೆ, ಬರೀ ಬೆರಳಿಗೆ ತಿರುಗಿತು. ಒಳಗಿನ ನಟ್ಟು ಒಂದೆರಡು ಸುತ್ತಿನಲ್ಲಿ ನೇತಾಡುತ್ತಿದೆಯೋ, ಆಗಲೇ ಬಿದ್ದುಹೋಗಿದೆಯೋ. ಬೋಲ್ಟನ್ನು ಹೊರಕ್ಕೆ ಎಳೆದಿದ್ದರೆ ತಿಳಿಯುತ್ತಿತ್ತು. ಎಳೆಯಲಿಲ್ಲ. ಬೆರಳು ಅಲ್ಲೇ ಇಟ್ಟುಕೊಂಡು ನಿಂತೆ.

"ಎಲ್ಲಾ ಸರಿ ಐತಿಲ್ರಿ?" ಹಿಂದೆಯೇ ನಿಂತಿದ್ದ ಟೀಚರ್ ಕೇಳಿದರು.

"ಸರಿ ಐತ್ರಿ" ಅಂದೆ.

ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಅದೇ ಬಂತು. ನಾಳೆ ಗಾಡಿ ತೆಗೆಯುತ್ತೀರಾ ಎಂದು ಕೇಳಿದೆ. ನಾಳೆ ಸೂಟಿ, ಎಲ್ಲೂ ಹೋಗುವುದಿಲ್ಲ ಎಂದರು. ಹಾಗಾದರೆ ಸೋಮವಾರ ಬೆಳಗಿನವರೆಗೂ ಹೊತ್ತಿದೆ. ನಾಳೆ ಫೋನ್ ಮಾಡಿ ಏನಾದರೂ ಒಂದು ನೆಪ ಹೇಳಿ ಗಾಡಿ ತರಿಸಿಕೊಂಡು, ನಟ್ಟು ಬದಲಿಸಿಬಿಟ್ಟರೆ ಮುಗಿಯಿತು.

ನಾಲ್ಕನೆಯ ಬಸ್ಸು ಬಂತು.

೧೦ ನವೆಂಬರ್, ಭಾನುವಾರ

ಬೆಳಿಗ್ಗೆ. ನಲ್ಲಿಗೆ ಇವತ್ತು ನೀರಿನ ಪಾಳಿ, ಕೊಡ ತುಂಬುತ್ತಾ ಬರೆಯುತ್ತಿದ್ದೇನೆ. ಏನು ನೆಪ ಹೇಳಬೇಕೆಂದು ಇನ್ನೂ ಹೊಳೆದಿಲ್ಲ. ಎಂಟಕ್ಕೆ ಫೋನ್ ಮಾಡುತ್ತೇನೆ. ಬೇಡ, ಸೂಟಿಯ ದಿನ, ಒಂಬತ್ತಕ್ಕೆ.

೧೧ ನವೆಂಬರ್, ಸೋಮವಾರ

ನಿನ್ನೆಯದನ್ನು ಒಂದೂ ಬಿಡದೆ ಬರೆಯಬೇಕು.

ಒಂಬತ್ತಕ್ಕೆ ಫೋನ್ ಮಾಡಲಿಲ್ಲ. ಹತ್ತಕ್ಕೂ ಮಾಡಲಿಲ್ಲ. ಕಟ್ಟೆಯ ಮೇಲೆ ಫೋನ್ ಹಿಡಿದು ಕುಳಿತಿದ್ದೆ. ಅಪ್ಪ ಬಂದು ಪಕ್ಕ ಕುಳಿತ. ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ವೆಲ್ಡರ್ ಆಗಿದ್ದವನು. ಈಗ ಎಡಗಣ್ಣಿಗೆ ಪೊರೆ ಬಂದಿದೆ. ಮಾತು ಕಡಿಮೆ.

"ನಾಕು ದಿನದಿಂದ ಉಣ್ಣವಲ್ಲಿ ಅಂತ ನಿಮ್ಮವ್ವ ಅಂದ್ಳು. ಏನಾಗೇತಿ?"

ಅಲ್ಯುಮಿನಿಯಂ ಕೊಳವೆಯ ರಂಧ್ರ ಹೇಗೆ ಮುಚ್ಚಬೇಕು ಎಂದು ಕೇಳಿದೆ. ಎಷ್ಟು ದಪ್ಪದ ತಗಡು, ಎಷ್ಟು ದೊಡ್ಡ ರಂಧ್ರ ಎಂದು ವಿಚಾರಿಸಿದ. ಹೇಳುತ್ತಾ ಹೇಳುತ್ತಾ ಬೋಲ್ಟಿನ ಮಾತು ಬಂತು, ನಟ್ಟಿನ ಮಾತು ಬಂತು. ಬೆರಳಿಗೆ ತಿರುಗಿದ್ದೂ ಬಂತು. ಅಪ್ಪ ನೆಲ ನೋಡುತ್ತಾ ಕೇಳಿದ.

"ಆ ಗಾಡಿ ಈಗ ಎಲ್ಲೈತಿ?"

"ಧಾರವಾಡದಾಗ."

"ಮತ್ತ ನೀ ಇಲ್ಲೇನ ಮಾಡಾಕತ್ತೀ?"

ಬೈದಿದ್ದರೆ ಉತ್ತರ ಕೊಡುತ್ತಿದ್ದೆನೇನೋ. ಅವನು ಬೈಯಲಿಲ್ಲ.

ಟೀಚರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಬಸವಕಿರಣರಿಗೆ ಮಾಡಿದೆ. "ಅಕ್ಕ ಮನ್ಯಾಗಿಲ್ರಿ. ಗರಗದಾಗ ನಮ್ಮ ಮಾವನ ಮನ್ಯಾಗ ಬಸರಿ ಸೊಸಿಗೆ ಕುಬಸದ ಕಾರ್ಯ. ಮದ್ಲ ಹೋಗೂದಿರಲಿಲ್ಲ, ಮುಂಜಾನೆ ಬಾಳವ್ವತ್ತಿ ಹಟಾ ಹಿಡದು ಗಾಡಿ ತಗಿಸ್ಯಾರ" ಎಂದರು.

ನಟ್ಟು ಸಡಿಲಾಗಿದೆ, ಅಕ್ಕನಿಗೆ ಗಾಡಿ ನಿಲ್ಲಿಸಲು ಹೇಳಿ ಎಂದೆ. ಯಾರ ನಟ್ಟು, ಹೇಗೆ ಸಡಿಲಾಯಿತು, ಅದನ್ನು ಹೇಳಲಿಲ್ಲ. ಅವರಿಗೂ ಅಕ್ಕನ ಫೋನ್ ಸಿಗಲಿಲ್ಲ.

ಆಮೇಲೆ ಖಾದರಬಾಷಾರಿಗೆ ಮಾಡಿದೆ. ಅವರಿಗೆ ಎಲ್ಲ ಹೇಳಿದೆ. "ಗದಗ ರಸ್ತೆಗೆ ಬಂದು ನಿಂದ್ರು. ಬಂದೆ" ಅಂದರು.

ಅವರ ಬೈಕಿನ ಹಿಂದೆ ಕುಳಿತು ಹೋದೆ. ಬೈಪಾಸಿನಲ್ಲಿ ಮುಂದೆ ಜನ ಗುಂಪುಗೂಡಿದ್ದು ಕಂಡಾಗಲೆಲ್ಲ ಕಣ್ಣು ಮುಚ್ಚಿದೆ. ಒಮ್ಮೆ ಕಬ್ಬಿನ ಹಾಲಿನ ಅಂಗಡಿ, ಇನ್ನೊಮ್ಮೆ ಕೆಟ್ಟು ನಿಂತ ಬಸ್ಸು. ಕೆಂಪು ಬಣ್ಣ ಎಲ್ಲಿ ಕಂಡರೂ ಅದೇ ಗಾಡಿ ಅನ್ನಿಸುತ್ತಿತ್ತು. ಟೀಚರ್ ಮುಖ, ಬಾಳವ್ವನ ಮುಖ ಕಣ್ಣ ಮುಂದೆ ಬರುತ್ತಿತ್ತು.

ಹೆದ್ದಾರಿ ಬಿಟ್ಟು ಗರಗದ ಕಡೆ ತಿರುಗಿ ಸ್ವಲ್ಪ ದೂರ ಹೋಗಿದ್ದೆವು. ಜೋಳದ ಹೊಲದ ಪಕ್ಕ, ಜಾಲಿಯ ಕಂಟಿಗೆ ಮೂತಿ ತೂರಿಸಿಕೊಂಡು ಕೆಂಪು ಗಾಡಿ ನಿಂತಿತ್ತು.

ಬಾಗಿಲು ತೆರೆದಿತ್ತು. ಬಾಳವ್ವ ಹಿಂದಿನ ಸೀಟಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕುಳಿತಿದ್ದರು. ಸೌಂದರ್ಯಾ ಟೀಚರ್ ರಸ್ತೆಯ ಮೇಲೆ ನಿಂತಿದ್ದರು. ರೇಷ್ಮೆ ಸೀರೆ, ತಲೆಯಲ್ಲಿ ಹೂವು. ಕೈಯಲ್ಲಿ ಕಾರಿನ ಕೀಲಿ. ಯಾರಿಗೂ ಗಾಯವಾಗಿರಲಿಲ್ಲ. ಇದನ್ನು ಇನ್ನೊಮ್ಮೆ ಬರೆಯುತ್ತೇನೆ. ಯಾರಿಗೂ ಗಾಯವಾಗಿರಲಿಲ್ಲ.

"ಕಿರಣ ಕಳಿಸಿದ್ನೇನ್ರಿ ನಿಮ್ಮನ್ನ? ಮುಂದ ಟ್ರ್ಯಾಕ್ಟರ್ ಇತ್ರಿ. ಕಾಲ ತಗದು ಕ್ಲಚ್ ಒತ್ತಿದೆ. ಒತ್ತಿದ ಕೂಡ್ಲೇ ಗಾಡಿ ಒದರಾಕ ಹತ್ತಿಬಿಡ್ತು, ಏನ್ ಮಾಡಿದ್ರೂ ಕಡಿಮಿ ಆಗವಲ್ದು. ಟ್ರ್ಯಾಕ್ಟರ್ ತಪ್ಪಿಸಿ ಈ ಕಡೆ ಇಳಿಸಿ, ಕೀಲಿ ತಿರುವಿ ಬಂದ್ ಮಾಡಿದೆ."

"ನಾ ಅವತ್ತ ಹೇಳಿದ್ದೆ" ಒಳಗಿಂದ ಬಾಳವ್ವ ಅಂದರು. "ಈಕಿ ಗಾಡಿ ಕಲ್ತದ್ದ ತಪ್ಪು. ಇವತ್ತ ನನ್ನ ಕೊಲ್ಲತಿದ್ಳು. ಇನ್ನ ಮ್ಯಾಲೆ ಕೀಲಿ ನನ್ನ ಕಡೆ ಇರತೈತಿ."

ಟೀಚರ್ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಹೇಳಿದರು: "ಅವರು ಅನ್ನೂದೂ ಖರೇನ ಇರಬೇಕು. ನಿನ್ನೆ ನೀವ ಬಂದು ನೋಡಿ ಎಲ್ಲಾ ಸರಿ ಐತಿ ಅಂದ್ರಿ. ಗಾಡಿ ಸರಿ ಇದ್ದಮ್ಯಾಲೆ ತಪ್ಪು ನನ್ನ ಕಾಲಂದನ. ಗಾಬರ್‍ಯಾಗ ಬ್ರೇಕ್ ಅಂತ ತಿಳಕೊಂಡು ಆಕ್ಸಿಲರೇಟರ್ ಒತ್ತೇನೋ ಏನೋ."

ಖಾದರಬಾಷಾ ಬೈಕಿನ ಸ್ಟ್ಯಾಂಡ್ ಹಾಕಿ ನಿಂತವರು ನನ್ನ ಕಡೆ ನೋಡಲಿಲ್ಲ. ಜೋಳದ ಹೊಲ ನೋಡುತ್ತಾ ನಿಂತರು. ನಾನು ಸುಮ್ಮನಿದ್ದಿದ್ದರೆ ಅವರೂ ಸುಮ್ಮನಿರುತ್ತಿದ್ದರೋ ಏನೋ, ಗೊತ್ತಿಲ್ಲ. ಒಂದು ಗಳಿಗೆ ಬೇಕಾಯಿತು ನನಗೆ. ಸುಳ್ಳು ಬರೆಯಬಾರದು. ಬರೋಬ್ಬರಿ ಒಂದು ಗಳಿಗೆ, 'ಇವರೇ ತಪ್ಪು ಒಪ್ಪಿಕೊಂಡರಲ್ಲ' ಎಂದು ಮನಸ್ಸಿಗೆ ಹಗುರವೂ ಆಯಿತು.

"ನಿಮ್ಮ ಕಾಲಿಂದಲ್ರಿ" ಅಂದೆ. "ನನ್ನ ಕೈದು."

ಎಲ್ಲ ಹೇಳಿದೆ. ತಪ್ಪು ಜಾಗದಲ್ಲಿ ಕೊರೆದದ್ದು, ಚಂದ ಕಾಣಲಿ ಎಂದು ನಟ್ಟನ್ನು ಒಳಗಿಟ್ಟದ್ದು, ಲಾಕ್ ನಟ್ಟು ಟ್ರೇಯಲ್ಲಿ ಉಳಿದದ್ದು. ಕೊನೆಗೆ ಶನಿವಾರದ್ದು. "ನೀವು ನನ್ನ ಹಿಂದ ನಿಂತು ಕೇಳಿದಾಗ ಬೋಲ್ಟ್ ಬೆರಳಿಗೆ ತಿರಗಾಕತ್ತಿತ್ರಿ. ಗೊತ್ತಿದ್ದೂ ಸರಿ ಐತಿ ಅಂದೆ."

ನಾನು ಸ್ಕ್ರೂಡ್ರೈವರ್ ಹಿಡಿದು ಕ್ಲಿಪ್ ಸಡಿಲಿಸಿ ಕೊಳವೆ ಎಳೆದೆ. ಕದದ ಅಂಚಿಗೂ ಗೋಡೆಗೂ ನಡುವೆ ನಟ್ಟು ಸಿಕ್ಕಿಕೊಂಡಿತ್ತು. ತೆಗೆದು ಅಂಗೈ ಮೇಲಿಟ್ಟು ತೋರಿಸಿದೆ. ಟೀಚರ್ ನೋಡಿದರು, ಮುಟ್ಟಲಿಲ್ಲ. ಬಾಳವ್ವ ಕೂಡ ಕುತ್ತಿಗೆ ಚಾಚಿ ನೋಡಿದರು.

"ಇಷ್ಟ ಸಣ್ಣದಾ?" ಎಂದರು ಬಾಳವ್ವ.

ಅವರಿಬ್ಬರೂ ಹಿಂದೆ ಬಂದ ಟಂಟಂ ಆಟೋ ಹತ್ತಿ ಹೋದರು. ಟೀಚರ್ ನನಗೆ ಬೈದಿದ್ದರೆ ಚೆನ್ನಾಗಿತ್ತು. ಕೀಲಿಯನ್ನು ಖಾದರಬಾಷಾರ ಕೈಗೆ ಕೊಟ್ಟು, ನನ್ನ ಪಕ್ಕದಿಂದಲೇ ನಡೆದು ಹೋದರು.

ಇವತ್ತು ಬೆಳಿಗ್ಗೆ ಗ್ಯಾರೇಜಿಗೆ ಬಂದು ಬಾಗಿಲ ಹೊರಗೆ ನಿಂತೆ. "ಒಳಗ ಬಾ" ಎಂದರು ಖಾದರಬಾಷಾ. "ಒಂದ ತಿಂಗಳಾ ಡ್ರಿಲ್ ಮುಟ್ಟಬ್ಯಾಡ. ತೂತು ತಪ್ಪಿದ್ದಕ್ಕಲ್ಲ. ನನ್ನ ಕೈಯಾಗೂ ತಪ್ಪ್ಯಾವ. ಶನಿವಾರದ ಮಾತಿಗೆ."

೧೩ ನವೆಂಬರ್, ಬುಧವಾರ

ಬಸವಕಿರಣ ಬಂದು ಎಲ್ಲರ ಮುಂದೆ ಕೂಗಾಡಿ ಹೋದರು. ಮುಂದೆ ಸರ್ವಿಸಿಗೆ ಹೇಳಿಟ್ಟಿದ್ದ ಇಬ್ಬರು ಗಿರಾಕಿಗಳು ಬರುವುದಿಲ್ಲ ಎಂದರಂತೆ. ಮಧ್ಯಾಹ್ನ ಅಪ್ಪನ ಹಳೆಯ ಗೆಳೆಯ ಉಸ್ಮಾನಸಾಬರ ವೆಲ್ಡಿಂಗ್ ಅಂಗಡಿಗೆ ಕೊಳವೆ ಒಯ್ದೆ. ಅಪ್ಪನೂ ಬಂದ.

ರಂಧ್ರದ ಸುತ್ತ ಬಣ್ಣ ಕೆರೆದು ಬೆಳ್ಳಗೆ ಮಾಡಿದೆ. ರಂಧ್ರಕ್ಕೆ ಸರಿಹೊಂದುವ ಅಲ್ಯುಮಿನಿಯಂ ಬಿಲ್ಲೆ ಕತ್ತರಿಸಿದೆ, ಅರದಿಂದ ಅಂಚು ತೀಡಿದೆ. ಬೆಸುಗೆ ಹಾಕಿದ್ದು ಉಸ್ಮಾನಸಾಬರು. ತೆಳ್ಳನೆ ಕೊಳವೆ, ಒಂದು ಕ್ಷಣ ಹೆಚ್ಚಾದರೆ ಕರಗಿ ಇನ್ನೂ ದೊಡ್ಡ ರಂಧ್ರವಾಗುತ್ತದೆ. ಅಪ್ಪನಿಗೆ ಸರಿಯಾಗಿ ಕಾಣದು, ಸದ್ದು ಕೇಳುತ್ತಾ "ಸಾಕು... ಈಗ ಬಿಡು... ಹಾಂ" ಎನ್ನುತ್ತಿದ್ದ. ಆರಿದ ಮೇಲೆ ಒಳಗಿನ ಉಬ್ಬನ್ನು ಅರದಿಂದ ಸಮ ಮಾಡಿದೆ. ಒಂದು ಬಾಯಿ ಮುಚ್ಚಿ, ನೀರು ತುಂಬಿಸಿ ಒಂದು ತಾಸು ಇಟ್ಟೆವು. ತೊಟ್ಟಿಕ್ಕಲಿಲ್ಲ.

"ಬಣ್ಣಾ ಹಚ್ಚೋಣೇನು?" ಎಂದರು ಉಸ್ಮಾನಸಾಬರು. ಬೇಡ ಎಂದೆ. ಬೆಸುಗೆ ಕಂಡರೆ ಕಾಣಲಿ.

ಆ ಸಡಿಲ ಬೋಲ್ಟಿನ ಕನಸು ಬೀಳುವುದು ನಿಂತಿಲ್ಲ.

೧೬ ನವೆಂಬರ್, ಶನಿವಾರ

ಕೊಳವೆ ಕೂರಿಸಿ, ಗಾಡಿಯನ್ನು ಮಾಳಮಡ್ಡಿಗೆ ನಾನೇ ಓಡಿಸಿಕೊಂಡು ಹೋದೆ. ಇಡೀ ದಾರಿ ನಲವತ್ತು ದಾಟಲಿಲ್ಲ. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸಾಕಾದರು.

ಟೀಚರ್ ಬಾಗಿಲಿಗೆ ಬಂದರು. ಒಳಗೆ ಕರೆಯಲಿಲ್ಲ. ಕೊಳವೆ ಬಿಚ್ಚಿ ತೋರಿಸಿ ಎಂದರು. ಬಿಚ್ಚಿದೆ. ಅವರೇ ಬಳೆ ಹಿಂದೆ ಸರಿಸಿ ಒಳಗೆ ಕೈ ಹಾಕಿದರು. ಬೆಸುಗೆಯ ಜಾಗದಲ್ಲಿ ಬೆರಳು ನಿಲ್ಲಿಸಿ, ಉಗುರಿನಿಂದ ಕೆರೆದು ನೋಡಿದರು.

"ಗಟ್ಟಿ ಐತಿ" ಎಂದರು. ನಾನು ಮತ್ತೆ ಕೂರಿಸುವವರೆಗೂ ಅಲ್ಲೇ ನಿಂತಿದ್ದು, ಆಮೇಲೆ ಹೇಳಿದರು. "ಆದ್ರ ನನಗಿನ್ನ ಹೊಡ್ಯಾಕ ಆಗೂದಿಲ್ರಿ. ನಿನ್ನೆ ಕಿರಣನ ಗಾಡ್ಯಾಗ ಬರೇ ಕುಂತೆ. ಕಾಲು ಕಲ್ಲಾದ್ವು. ವಾರದಿಂದ ಬಸ್ಸಿಗೆ ಹೋಗಾಕತ್ತೇನಿ. ಅತ್ತಿಯವರಿಗೆ ಖುಷಿ. ಇದನ್ನ ಮಾರೋದಂತ ಆಗೇತಿ."

ಬಸ್ಸಿನಲ್ಲಿ ಬರುತ್ತಾ ಇದೇ ಯೋಚನೆ. ಆ ರಂಧ್ರಕ್ಕೆ ಬಿಲ್ಲೆ ಕತ್ತರಿಸಿ ಕೂರಿಸಲಾಯಿತು, ಇದಕ್ಕೆ ಯಾವ ಬಿಲ್ಲೆ? ಅವರು ಒಂದು ವರ್ಷ ಹೆದರುತ್ತಾ ಹೆದರುತ್ತಾ ಕಲಿತದ್ದನ್ನು ನಾನು ಒಂದು ಮಾತಿನಲ್ಲಿ ಕಿತ್ತುಹಾಕಿದ್ದೇನೆ.

೧೮ ನವೆಂಬರ್, ಸೋಮವಾರ

ಇವತ್ತು ಕನಕ ಜಯಂತಿ ಸೂಟಿ. ಬೆಳಿಗ್ಗೆ ಏಳಕ್ಕೇ ಅವರ ಬಾಗಿಲಲ್ಲಿ ನಿಂತಿದ್ದೆ. ಬಾಳವ್ವ ನೋಡಿ "ಮತ್ತ ಯಾಕ ಬಂದಿ?" ಎಂದರು.

"ಟೀಚರ್ ಬಾಜೂಕ ಕುಂಡ್ರಾಕ ಬಂದೇನ್ರಿ. ಏನರ ಆದ್ರ ನನಗೂ ಆಗ್ಲಿ."

ಬಾಳವ್ವ ಕದ ಹಾಕಿಕೊಳ್ಳುತ್ತಾರೆ ಅಂದುಕೊಂಡೆ. ಒಳಗೆ ಹೋಗಿ ಸೊಸೆಯನ್ನು ಕರೆದರು. ಟೀಚರ್ ನನ್ನನ್ನು ಬಹಳ ಹೊತ್ತು ನೋಡಿದರು, ಆಮೇಲೆ ಚಪ್ಪಲಿ ಮೆಟ್ಟಿದರು. ಅವರೇ ಗಾಡಿ ಓಡಿಸಿದರು, ಓಣಿಯ ತುದಿಯವರೆಗೆ ಹೋದೆವು. ಅಷ್ಟೇ. ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು. ನನ್ನದೂ.

೨೦ ನವೆಂಬರ್, ಬುಧವಾರ

ಶಾಲೆಗೆ ಅವರು ಇನ್ನೂ ಬಸ್ಸಿನಲ್ಲೇ. ಬೆಳಿಗ್ಗೆ ಆರೂವರೆಗೆ ಮಾತ್ರ ಅರ್ಧ ತಾಸು ಅಭ್ಯಾಸ, ಸಪ್ತಾಪುರದವರೆಗೆ. ಒಂದು ನಾಯಿ ಅಡ್ಡ ಬಂತು, ಕಾಲೆತ್ತಿದರು, ಎಂಜಿನ್ ಸದ್ದು ತಣ್ಣಗೆ ಇಳಿಯಿತು. ಇಬ್ಬರೂ ಆ ಸದ್ದು ಇಳಿಯುವುದನ್ನು ಕೇಳುತ್ತಾ ನಡುರಸ್ತೆಯಲ್ಲಿ ನಿಂತುಬಿಟ್ಟೆವು.

೨೩ ನವೆಂಬರ್, ಶನಿವಾರ

ಬೈಪಾಸಿನವರೆಗೆ ಹೋಗಿ ತಿರುಗಿ ಬಂದೆವು. ಅದರ ಮೇಲೆ ಹತ್ತಲು ಆಗಲಿಲ್ಲ. ಟೀಚರ್ ಅತ್ತರು. ಸಮಾಧಾನ ಹೇಳುವ ಹಕ್ಕು ನನಗಿಲ್ಲ ಎನಿಸಿ ಕಿಟಕಿಯ ಹೊರಗೆ ನೋಡುತ್ತಾ ಕುಳಿತೆ. ಸ್ವಲ್ಪ ಹೊತ್ತಿಗೆ ಅವರೇ, "ನಿಮಗೂ ಹೆದರಿಕಿ ಆಗಾಕತ್ತೈತಿ ಹೌದಿಲ್ಲೋ? ನೀವು ಬಾಗಲದ ಹಿಡಿಕಿ ಬಿಟ್ಟ ಇಲ್ಲ" ಎಂದರು. ಹೌದು ಎಂದೆ.

೨೬ ನವೆಂಬರ್, ಮಂಗಳವಾರ

ಇವತ್ತು ಗ್ಯಾರೇಜಿನಲ್ಲಿ ಹಳೆಯ ಜೀಪಿನ ಸೈಲೆನ್ಸರ್ ಬಿಚ್ಚುವಾಗ ಅದನ್ನು ಹಿಡಿದಿದ್ದ ಸ್ಟಡ್ ಬೋಲ್ಟ್ ಮುರಿಯಿತು, ಖಾದರಬಾಷಾರಿಗೂ ಜೀಪಿನವರಿಗೂ ಹೇಳಿದೆ, ನಾಳೆ ಮಾಡಿಕೊಡಿ ಎಂದು ಹೋದರು. ಮಧ್ಯಾಹ್ನ ಸೆಕೆ ಬಹಳ. ಅವ್ವ ಕಟ್ಟಿದ ಬದನೆಕಾಯಿ ಪಲ್ಯ ಖಾಲಿ ಮಾಡಿದೆ.

ನಾಳೆ ಶಾಲೆಗೆ ಗಾಡಿಯಲ್ಲೇ ಹೋಗುವುದು ಎಂದು ಟೀಚರ್ ಮೆಸೇಜ್ ಹಾಕಿದ್ದಾರೆ. ಐದೂವರೆಗೆ ಅಲಾರಂ ಇಟ್ಟೆ.

೨೭ ನವೆಂಬರ್, ಬುಧವಾರ

ಗಬ್ಬೂರ ಕ್ರಾಸಿನಲ್ಲಿ, ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ.

ಏಳೂಕಾಲಿಗೆ ಹೊರಟೆವು. ಟೀಚರ್ ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ. ಜೊತೆಯ ಇಬ್ಬರು ಟೀಚರ್‌ಗಳು ಇವತ್ತೂ ಬಸ್ಸಿನಲ್ಲೇ ಹೋದರು. ಅವರನ್ನು ತಪ್ಪು ಅನ್ನಲಾರೆ. ಬೈಪಾಸ್ ಹತ್ತಿದೆವು. ಎದುರಿನಿಂದ ಬಂದ ಪ್ರತಿ ಲಾರಿಗೂ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಕಾಮಗಾರಿಯ ಹತ್ತಿರ ಮುಂದಿನ ಟ್ಯಾಂಕರ್ ಒಮ್ಮೆಲೇ ನಿಧಾನಿಸಿತು. ಟೀಚರ್ ಕಾಲು ಎತ್ತಿದರು. ಗಾಡಿ ಅವರ ಮಾತು ಕೇಳಿತು.

ಕ್ರಾಸ್ ಬಂದಾಗ ಅವರು ಗಾಡಿಯನ್ನು ಬದಿಗೆ ತೆಗೆದು ನಿಲ್ಲಿಸಿದರು.

"ಇಳೀರಿ" ಎಂದರು.

ಏನೋ ತಪ್ಪಾಯಿತು ಅಂದುಕೊಂಡೆ. "ಯಾಕ್ರಿ? ಸದ್ದು ಏನರ ಬಂತಾ?"

"ಸದ್ದಿಲ್ಲ ಏನಿಲ್ಲ. ಇಲ್ಲಿಂದ ಶಿರಗುಪ್ಪಿಗೆ ನಾ ಒಬ್ಬಾಕಿನ ಹೋಗ್ತೇನಿ. ನೀವು ಬಾಜೂಕ ಇದ್ರ ನಿಮ್ಮ ಹೆದರಿಕೀನೂ ನಾನ ಹೊರಬೇಕಾಗತೈತಿ."

ಇಳಿದೆ. ಬಾಗಿಲು ಹಾಕುವ ಮೊದಲು ಅವರು ಈ ಕಡೆ ಬಾಗಿ ಕೇಳಿದರು: "ಹೇಳ್ರಿ. ಗಾಡಿ ಸರಿ ಐತೇನು?"

ತಕ್ಷಣ ಉತ್ತರ ಕೊಡಲಿಲ್ಲ. ಬಾನೆಟ್ ತೆಗೆಸಿದೆ. ಕ್ಲಿಪ್ ಎರಡನ್ನೂ ತಿರುವಿ ನೋಡಿದೆ, ಸೆನ್ಸರ್ ಅಲುಗಿಸಿ ನೋಡಿದೆ, ಬಿಸಿ ಕೊಳವೆಯ ಮೇಲೆ ಬೆಸುಗೆಯನ್ನು ಬೆರಳಿನಿಂದ ಸವರಿದೆ. ಒಳಗೆ ಕೂತು ಆಕ್ಸಿಲರೇಟರ್ ಮೂರು ಸಲ ಒತ್ತಿ ಬಿಡಿ ಎಂದೆ. ಮೂರು ಸಲವೂ ಎಂಜಿನ್ ಸದ್ದು ಇಳಿಯಿತು. ಬಾನೆಟ್ ಹಾಕಿದೆ.

"ಸರಿ ಐತ್ರಿ" ಅಂದೆ.

ಅವರು ತಲೆಯಾಡಿಸಿ ಕನ್ನಡಿ ನೋಡಿಕೊಂಡರು. ಎಡಗಡೆಯ ದೀಪ ಹಾಕಿದರು, ತಪ್ಪಾಯಿತೆಂದು ಬಲಗಡೆಯದು ಹಾಕಿದರು. ಎರಡು ಲಾರಿ ಹೋಗಲು ಬಿಟ್ಟು ರಸ್ತೆಗೆ ಇಳಿದರು. ಕೆಂಪು ಗಾಡಿ ಗದಗ ರಸ್ತೆಯ ಕಡೆ ಹೋಗಿ, ಹತ್ತಿಗಾಡಿಯ ಹಿಂದೆ ಮರೆಯಾಯಿತು.

ಶಾಲೆ ಮುಟ್ಟಿದ ಕೂಡಲೇ ಫೋನ್ ಮಾಡುತ್ತೇನೆ ಅಂದಿದ್ದಾರೆ. ಇಪ್ಪತ್ತೈದು ನಿಮಿಷದ ದಾರಿ. ಹದಿನೆಂಟು ಆಗಿದೆ. ಚಹಾ ಆರಿಹೋಗಿದೆ, ಗ್ಯಾರೇಜಿಗೆ ಹೊತ್ತಾಗಿದೆ. ಫೋನನ್ನು ಬೆಂಚಿನ ಮೇಲೆ ಮುಖ ಮೇಲಾಗಿ ಇಟ್ಟುಕೊಂಡು ಕುಳಿತಿದ್ದೇನೆ.

ಇಪ್ಪತ್ತೆರಡು.

ಈಗ ರಿಂಗಾಗುತ್ತಿದೆ. ಪರದೆಯ ಮೇಲೆ ಟೀಚರ್ ಹೆಸರು.